ಸುಮ್ಮನೆ ಬಂದ ಕಷ್ಟ: ನಿರಪರಾಧಿಗಳ ನೋವಿನ ಬಗ್ಗೆ ಬೈಬಲ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಬೈಬಲಿನ ಯೋಬನ ಗ್ರಂಥ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಒಬ್ಬ ನೀತಿವಂತನ ಕಥೆ. ಅದರ ಮೊದಲ ಎರಡು ಅಧ್ಯಾಯಗಳಲ್ಲಿ ಒಂದು ಹೀಬ್ರೂ ಪದ ಎರಡು ಸಲ ಬರುತ್ತದೆ: ಹಿನ್ನಾಮ್. ಕನ್ನಡದಲ್ಲಿ ಅದಕ್ಕೆ ‘ಸುಮ್ಮನೆ’ ಎನ್ನುವುದಕ್ಕಿಂತ ಹತ್ತಿರದ ಮಾತು ಸಿಗುವುದು ಕಷ್ಟ. ಮೊದಲ ಸಲ ಅದನ್ನು ಆಡುವವನು ಸೈತಾನ: ಯೋಬ ದೇವರಿಗೆ ಭಯಪಡುವುದು ಸುಮ್ಮನೆಯೇ (1:9, ಅಂದರೆ 1ನೆಯ ಅಧ್ಯಾಯ, 9ನೆಯ ವಚನ)? ಅಂದರೆ ಏನೂ ಲಾಭವಿಲ್ಲದೆ, ಬಿಟ್ಟಿಯಾಗಿ? ಎರಡನೆಯ ಸಲ ಆಡುವವನು ಸ್ವತಃ ದೇವರು: ಅವನನ್ನು ಸುಮ್ಮನೆ ಹಾಳುಮಾಡುವಂತೆ ನೀನು ನನ್ನನ್ನು ಪ್ರೇರೇಪಿಸಿದೆ (2:3). ಅಂದರೆ ನಿಷ್ಕಾರಣವಾಗಿ.

ಈ ಎರಡನೆಯ ಸಾಲನ್ನು ನಿಧಾನವಾಗಿ ಓದಬೇಕು. ಯೋಬನಿಗೆ ಬಂದ ಕಷ್ಟಕ್ಕೆ ಯೋಬನಲ್ಲಿ ಕಾರಣವಿಲ್ಲ ಎಂದು ಹೇಳುತ್ತಿರುವವನು ದೇವರು, ಅದೂ ಅದರಲ್ಲಿ ತನ್ನ ಪಾಲನ್ನು ಮುಚ್ಚಿಡದೆ. ಕ್ರೈಸ್ತರು ಈ ವಿಷಯದ ಮಾತನ್ನು ಈ ಸಾಲಿನಿಂದ ಶುರುಮಾಡುತ್ತಿದ್ದರೆ ಎಷ್ಟೋ ಸಾವಿನ ಮನೆಗಳಲ್ಲಿ ಎಷ್ಟೋ ಮಾತು ಆಡದೇ ಉಳಿಯುತ್ತಿದ್ದವು.

‘ಯಾಕೆ’ ಒಂದೇ, ಪ್ರಶ್ನೆ ಮೂರು

ಒಂದು ಮಗುವಿಗೆ ರಕ್ತದ ಕ್ಯಾನ್ಸರ್ ಎನ್ನಿ. ಮನೆಯಲ್ಲಿ ಮೂವರು ‘ಯಾಕೆ’ ಎಂದು ಕೇಳುತ್ತಾರೆ. ಚಿಕ್ಕಪ್ಪನಿಗೆ ತಿಳಿಯಬೇಕಿರುವುದು ರೋಗ ಹೇಗೆ ಬಂತು, ಮುಂದೇನು ಎಂಬುದು. ಅದಕ್ಕೆ ಉತ್ತರ ಹೇಳಬೇಕಾದವರು ಡಾಕ್ಟರು. ಕಾಲೇಜಿಗೆ ಹೋಗುವ ಅಕ್ಕನ ತೊಡಕು ಬೇರೆ: ದೇವರು ಒಳ್ಳೆಯವನು, ಸರ್ವಶಕ್ತ ಅಂದಮೇಲೆ ಇದು ಆಗುವುದಕ್ಕೆ ಬಿಟ್ಟದ್ದು ಹೇಗೆ? ಅದು ತರ್ಕದ ಪ್ರಶ್ನೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಒರಗಿ ಕುಸಿದ ತಾಯಿಯ ಬಾಯಲ್ಲೂ ಅದೇ ‘ಯಾಕೆ’. ಅವಳಿಗೆ ಮಾಹಿತಿ ಬೇಕಾಗಿಲ್ಲ. ಅದು ಗೋಳು.

ಎಡವಟ್ಟಾಗುವುದು ಒಂದಕ್ಕೆ ಕೊಡಬೇಕಾದ ಉತ್ತರವನ್ನು ಇನ್ನೊಂದಕ್ಕೆ ಕೊಟ್ಟಾಗ. ತಾಯಿಗೆ ಸ್ವತಂತ್ರ ಇಚ್ಛೆಯ ಪಾಠ ಹೇಳಿದರೆ ಅದು ಕ್ರೌರ್ಯ. ಅಕ್ಕನಿಗೆ ‘ಹಾಗೆಲ್ಲ ಕೇಳಬಾರದು, ಪ್ರಾರ್ಥನೆ ಮಾಡು’ ಎಂದರೆ ಅವಳು ಪ್ರಾರ್ಥನೆಯನ್ನೂ ಬಿಡುತ್ತಾಳೆ. ಚಿಕ್ಕಪ್ಪನನ್ನು ‘ದೇವರ ಚಿತ್ತ’ ಎಂದು ಸಮಾಧಾನ ಮಾಡಿ ಕಳಿಸಿದರೆ ಚಿಕಿತ್ಸೆಯೇ ತಡವಾದೀತು. ಶಿಲುಬೆಯ ಮೇಲೆ ಯೇಸು ಕೂಗಿದ್ದು ಆ ತಾಯಿಯ ಬಗೆಯ ‘ಯಾಕೆ’: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ (ಮಾರ್ಕ 15:34)? ಅದು 22ನೆಯ ಕೀರ್ತನೆಯ ಮೊದಲ ಸಾಲು. ಆ ಕೂಗಿಗೆ ಆಕಾಶದಿಂದ ಉತ್ತರ ಬಂತೆಂದು ಯಾವ ಸುವಾರ್ತೆಯೂ ಬರೆದಿಲ್ಲ.

‘ನಿರಪರಾಧಿ’ ಎಂಬ ಪದವನ್ನೂ ಸ್ವಲ್ಪ ಬಿಡಿಸಿಕೊಳ್ಳಬೇಕು. ಎಲ್ಲರೂ ಪಾಪಮಾಡಿದ್ದಾರೆ ಎಂದು ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದಿದ್ದಾನಲ್ಲ (3:23), ಹಾಗಾದರೆ ನಿರಪರಾಧಿ ಅನ್ನುವವರೇ ಇಲ್ಲ, ಪ್ರಶ್ನೆಯೇ ಮುಗಿಯಿತು ಎಂದು ವಾದಿಸುವವರಿದ್ದಾರೆ. ಜಾಣ ವಾದ, ಆದರೆ ಬೈಬಲ್ ಅದಕ್ಕೆ ಒಪ್ಪುವುದಿಲ್ಲ. ಯೋಬ ‘ತಾಮ್’, ಅಂದರೆ ನಿರ್ದೋಷಿ, ಎಂದು ದೇವರೇ ಎರಡು ಸಲ ಹೇಳುತ್ತಾನೆ (1:8, 2:3). ಕೋರ್ಟಿನಲ್ಲಿ ಕಳ್ಳತನದ ಆರೋಪದಿಂದ ಬಿಡುಗಡೆಯಾದವನು ಜನ್ಮದಲ್ಲಿ ಸುಳ್ಳೇ ಹೇಳದವನು ಎಂದೇನೂ ಅಲ್ಲ. ಆ ಕಳ್ಳತನ ಅವನದಲ್ಲ, ಆ ಶಿಕ್ಷೆ ಅವನಿಗೆ ಸಲ್ಲದು, ಅಷ್ಟೇ. ಯೋಬ ನಿರ್ದೋಷಿ ಎನ್ನುವುದು ಈ ಅರ್ಥದಲ್ಲಿ.

ಆ ಜಾಣ ವಾದಕ್ಕೆ ಒಂದು ಹಳೆಯ ಬೇರೂ ಉಂಟು. ರೋಮಾಪುರದವರಿಗೆ ಬರೆದ ಪತ್ರದ 5:12ರಲ್ಲಿ ‘ಎಫ್ ಹೋ’ ಎಂಬ ಎರಡು ಪುಟ್ಟ ಗ್ರೀಕ್ ಪದಗಳಿವೆ. ಇಂದಿನ ಹೆಚ್ಚಿನ ಅನುವಾದಗಳು ಅವನ್ನು ‘ಎಲ್ಲರೂ ಪಾಪಮಾಡಿದ್ದರಿಂದ’ ಎಂಬ ಅರ್ಥದಲ್ಲಿ ತೆಗೆದುಕೊಳ್ಳುತ್ತವೆ. ಪ್ರಾಚೀನ ಕ್ರೈಸ್ತ ಚಿಂತಕ, ಬಿಷಪ್ ಅಗಸ್ಟೀನ್ (354–430) ಓದುತ್ತಿದ್ದ ಲ್ಯಾಟಿನ್ ಪಾಠದಲ್ಲಿ ಅದು ‘ಇನ್ ಕ್ವೋ’ ಆಗಿತ್ತು. ಅವರು ಅದನ್ನು ‘ಅವನಲ್ಲಿ’, ಅಂದರೆ ಆದಾಮನಲ್ಲಿ, ಎಲ್ಲರೂ ಪಾಪಮಾಡಿದರು ಎಂದು ಓದಿದರು. ಆಗತಾನೇ ಹುಟ್ಟಿದ ಕೂಸೂ ಆದಾಮನ ಅಪರಾಧದಲ್ಲಿ ಪಾಲುದಾರ ಎಂಬ ಬೋಧನೆ ಪಶ್ಚಿಮದ ಸಭೆಯಲ್ಲಿ (ಚರ್ಚಿನಲ್ಲಿ) ಗಟ್ಟಿಯಾದದ್ದಕ್ಕೆ ಆ ಓದೂ ಒಂದು ಕಾರಣ. ಪೂರ್ವದ ಆರ್ಥಡಾಕ್ಸ್ ಸಭೆಗಳು ಸಾಮಾನ್ಯವಾಗಿ ಹಾಗೆನ್ನುವುದಿಲ್ಲ: ಆದಾಮನಿಂದ ನಮಗೆ ಬಂದದ್ದು ಸಾವು ಮತ್ತು ಬಲಹೀನತೆ, ಅಪರಾಧ ಅವನದೇ. ಇಂದಿನ ಕಥೋಲಿಕ ಬೋಧನೆಯೂ ಜನ್ಮಪಾಪವನ್ನು ಮಗುವಿನ ಸ್ವಂತ ತಪ್ಪು ಎಂದು ಎಣಿಸುವುದಿಲ್ಲ. ಎರಡು ಪದಗಳ ವ್ಯಾಕರಣ ಎಂದು ತಳ್ಳಿಹಾಕುವಂತಿಲ್ಲ. ಒಂದು ಪುಟ್ಟ ಶವಪೆಟ್ಟಿಗೆಯ ಮುಂದೆ ಪಾದ್ರಿ ಏನು ಹೇಳಬೇಕು ಎಂಬುದು ಅದರ ಮೇಲೆ ನಿಂತಿದೆ.

ಯೋಬನ ಗೆಳೆಯರ ಲೆಕ್ಕ

ಯೋಬನ ಗ್ರಂಥದಲ್ಲಿ 42 ಅಧ್ಯಾಯ. ಮೊದಲ ಎರಡು ಅಧ್ಯಾಯ ಮತ್ತು ಕೊನೆಯ ಹತ್ತಾರು ವಚನ ಗದ್ಯ. ನಡುವಿನದು ಬಹುಮಟ್ಟಿಗೆ ಕವಿತೆ. ಹೆಚ್ಚಿನವರು ಗದ್ಯವನ್ನಷ್ಟೇ ಓದುತ್ತಾರೆ, ಹಾಗಾಗಿ ‘ಯೋಬನ ತಾಳ್ಮೆ’ ಎಂಬ ಮಾತು ಚಾಲ್ತಿಯಲ್ಲಿದೆ. ಕವಿತೆಯ ಯೋಬ ತಾಳ್ಮೆಯವನಲ್ಲ. ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ (3), ದೇವರು ನಿರ್ದೋಷಿಯನ್ನೂ ದುಷ್ಟನನ್ನೂ ಒಟ್ಟಿಗೇ ಅಳಿಸುತ್ತಾನೆ ಎಂದು ದೂರುತ್ತಾನೆ (9:22), ದೇವರ ಜೊತೆ ವ್ಯಾಜ್ಯ ಹೂಡಲು ನ್ಯಾಯಾಸನ ಎಲ್ಲಿದೆ ಎಂದು ಹುಡುಕುತ್ತಾನೆ (23:3–4).

ನೋಡಲು ಬಂದ ಮೂವರು ಎಲೀಫಜ, ಬಿಲ್ದದ, ಚೋಫರ. ಅವರು ಮೊದಲು ಮಾಡಿದ್ದು ಸರಿಯಾಗಿಯೇ ಇತ್ತು: ಏಳು ಹಗಲು ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಕೂತರು, ಒಬ್ಬರೂ ಬಾಯಿಬಿಡಲಿಲ್ಲ (2:13). ಸುಮ್ಮನೆ ಕೂತರು. ‘ಸುಮ್ಮನೆ’ಗೆ ಕನ್ನಡದಲ್ಲಿ ಈ ಮೂರನೆಯ ಅರ್ಥವೂ ಇರುವುದು ಹೀಬ್ರೂವಿಗಿಂತ ನಮಗೆ ಸಿಕ್ಕ ಒಂದು ಲಾಭ. ಆಮೇಲೆ ಮಾತಿಗೆ ಶುರುವಿಟ್ಟರು, ಕೆಟ್ಟಿತು.

ಅವರ ತರ್ಕ ಬಹಳ ಸರಳ. ದೇವರು ನ್ಯಾಯವಂತ. ನ್ಯಾಯವಂತ ದೇವರು ಪಾಪಿಯನ್ನು ಮಾತ್ರ ಶಿಕ್ಷಿಸುತ್ತಾನೆ. ಯೋಬ ಬೂದಿಯಲ್ಲಿ ಕೂತು ಮೈ ಕೆರೆದುಕೊಳ್ಳುತ್ತಿದ್ದಾನೆ. ಆದ್ದರಿಂದ ಯೋಬ ಪಾಪಿ. ನಿರಪರಾಧಿ ಯಾವನಾದರೂ ಎಂದಾದರೂ ಹಾಳಾದದ್ದುಂಟೇ ಎಂದು ಎಲೀಫಜ ಕೇಳುತ್ತಾನೆ (4:7). ನಿನ್ನ ಮಕ್ಕಳು ಸತ್ತದ್ದು ಅವರ ಪಾಪಕ್ಕೆ ಎಂಬ ಧಾಟಿ ಬಿಲ್ದದನದು (8:4). ನಿನ್ನ ಪಾಪಕ್ಕೆ ಹೋಲಿಸಿದರೆ ದೇವರು ಕಡಿಮೆಯೇ ವಸೂಲಿಮಾಡಿದ್ದಾನೆ ಎಂದು ಚೋಫರ (11:6).

22ನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಎಲೀಫಜನಿಗೆ ಯೋಬನ ಪಾಪಗಳ ಪಟ್ಟಿಯೇ ಸಿಕ್ಕಿದೆ: ಸಹೋದರರಿಂದ ಸುಮ್ಮಸುಮ್ಮನೆ (ಹೀಬ್ರೂವಿನಲ್ಲಿ ಇಲ್ಲೂ ಹಿನ್ನಾಮ್!) ಒತ್ತೆ ಇಸಿದುಕೊಂಡೆ, ಬಟ್ಟೆ ಕಿತ್ತುಕೊಂಡೆ, ಬಳಲಿದವನಿಗೆ ನೀರು ಕೊಡಲಿಲ್ಲ, ಹಸಿದವನಿಗೆ ರೊಟ್ಟಿ ಕೊಡಲಿಲ್ಲ, ವಿಧವೆಯರನ್ನು ಬರಿಗೈಯಲ್ಲಿ ಕಳಿಸಿದೆ (22:6–9). ಇದರಲ್ಲಿ ಒಂದಕ್ಕೂ ಸಾಕ್ಷಿಯಿಲ್ಲ. ಹದಿನೆಂಟು ಅಧ್ಯಾಯಗಳ ಹಿಂದೆ, ನೀನು ಎಷ್ಟೋ ಮಂದಿಯ ಸೋತ ಕೈಗಳಿಗೆ ಬಲ ಕೊಟ್ಟವನು ಎಂದು ಯೋಬನನ್ನು ಹೊಗಳಿದ್ದು ಇದೇ ಎಲೀಫಜ (4:3). ನಡುವೆ ಹೊಸ ಸಂಗತಿಯೇನೂ ಹೊರಬಿದ್ದಿಲ್ಲ. ಸೂತ್ರವನ್ನು ಬಿಡಲಾಗದವನಿಗೆ ಪಾಪ ಬೇಕಾಗಿತ್ತು, ಸಿಗಲಿಲ್ಲ, ತಯಾರಿಸಿಕೊಂಡ. ಕಾಯಿಲೆ ಬಿದ್ದವರ ಬಗ್ಗೆ ‘ಏನೋ ಇರಬೇಕು, ಸುಮ್ಮನೆ ಬರುತ್ತಾ’ ಎಂದು ಪಿಸುಗುಡುವಲ್ಲೆಲ್ಲ ನಡೆಯುವುದು ಈ ಕೆಲಸವೇ.

ದೇವರ ಉತ್ತರ 38ನೆಯ ಅಧ್ಯಾಯದಿಂದ ನಾಲ್ಕು ಅಧ್ಯಾಯದಷ್ಟು ಉದ್ದ, ಬಹುಪಾಲು ಪ್ರಶ್ನೆಗಳೇ. ಸೈತಾನನ ಜೊತೆ ನಡೆದ ಮಾತಿನ ಸುದ್ದಿಯೇ ಇಲ್ಲ. ಯೋಬನಿಗೆ ಅದು ಕೊನೆಯವರೆಗೂ ತಿಳಿಯುವುದಿಲ್ಲ, ಓದುವ ನಮಗಷ್ಟೇ ಗೊತ್ತು. ದೇವರು ತೋರಿಸುವುದು ಮೊಟ್ಟೆಗಳನ್ನು ನೆಲದಲ್ಲೇ ಬಿಟ್ಟುಹೋಗುವ ಉಷ್ಟ್ರಪಕ್ಷಿಯನ್ನು, ಹಸಿದು ಅರಚುವ ಕಾಗೆಮರಿಗಳನ್ನು, ಮನುಷ್ಯರೇ ಇಲ್ಲದ ಮರುಭೂಮಿಯಲ್ಲಿ ಸುರಿಯುವ ಮಳೆಯನ್ನು (38:26). ಸಣ್ಣವನ ಮೇಲೆ ಗರ್ಜಿಸಿ ಬಾಯಿ ಮುಚ್ಚಿಸಿದಂತಾಯಿತು ಎಂದು ಕೆಲವರಿಗೆ ಅನಿಸುತ್ತದೆ, ಅನಿಸುವುದು ಸಹಜವೇ. ಆದರೆ ಆ ಮಳೆಯ ವಚನದ ಮೇಲೆ ನಿಂತು ನೋಡಿ. ಯಾರೂ ಇಲ್ಲದ ಕಡೆ ಬೀಳುವ ಮಳೆ ಯಾರಿಗೂ ಬಹುಮಾನವಲ್ಲ, ಯಾರಿಗೂ ಶಿಕ್ಷೆಯಲ್ಲ. ಜಗತ್ತು ನಡೆಯುವುದು ಗೆಳೆಯರ ಖಾತೆಪುಸ್ತಕದ ಪ್ರಕಾರವಲ್ಲ ಎಂಬುದು ಆ ಭಾಷಣದ ತಿರುಳು.

ಕೊನೆಗೆ ತೀರ್ಪು ಬರುತ್ತದೆ. ನನ್ನ ದಾಸ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎಂದು ದೇವರು ಎಲೀಫಜನಿಗೆ ಹೇಳುತ್ತಾನೆ (42:7). ದೇವರ ಪರ ವಕಾಲತ್ತು ವಹಿಸಿದವರು ಸೋತರು, ದೇವರ ಮೇಲೆ ಕೂಗಾಡಿದವನು ಗೆದ್ದ. ಗೆಳೆಯರು ಏಳು ಹೋರಿ, ಏಳು ಟಗರು ತೆಗೆದುಕೊಂಡು ಹೋಗಬೇಕು, ಯೋಬ ಅವರಿಗಾಗಿ ಪ್ರಾರ್ಥಿಸಬೇಕು.

ಇನ್ನು ‘ಕಳೆದುಕೊಂಡದ್ದೆಲ್ಲ ಎರಡರಷ್ಟಾಗಿ ಬಂತು’ ಎಂಬ ಸುಖಾಂತ್ಯ. ಎಣಿಸಿ ನೋಡಿ. 7,000 ಕುರಿ ಇದ್ದದ್ದು 14,000 ಆಯಿತು, 3,000 ಒಂಟೆ 6,000 ಆಯಿತು, 500 ಜೋಡಿ ಎತ್ತು 1,000 ಜೋಡಿ, 500 ಕತ್ತೆ 1,000. ಮಕ್ಕಳು? ಮೊದಲು ಏಳು ಗಂಡು, ಮೂರು ಹೆಣ್ಣು. ಆಮೇಲೂ ಏಳು ಗಂಡು, ಮೂರು ಹೆಣ್ಣು. ಮಕ್ಕಳು ಮಾತ್ರ ಎರಡರಷ್ಟಾಗಲಿಲ್ಲ. ಸತ್ತವರು ದೇವರ ಬಳಿ ಇದ್ದೇ ಇದ್ದಾರೆ, ಒಟ್ಟು ಇಪ್ಪತ್ತಾಯಿತಲ್ಲ ಎಂದು ಕೆಲವರು ಲೆಕ್ಕ ಹೊಂದಿಸುತ್ತಾರೆ. ಮಗುವಿನ ಬದಲಿಗೆ ಮಗು ಎಂಬುದಿಲ್ಲ ಎಂದು ಕವಿ ಹೇಳುತ್ತಿದ್ದಾನೆ ಎಂಬುದೇ ಹೆಚ್ಚು ಸರಿ ಎನಿಸುತ್ತದೆ. ಹತ್ತು ಗೋರಿಗಳು ಇದ್ದಲ್ಲೇ ಇವೆ.

ಹಾಗಾದರೆ ಗೆಳೆಯರ ಲೆಕ್ಕ ಎಲ್ಲಿಂದ ಬಂತು? ಅದೂ ಬೈಬಲಿನಲ್ಲೇ ಉಂಟು ಎಂಬುದನ್ನು ಮುಚ್ಚಿಡಬಾರದು. ವಿಧೇಯರಿಗೆ ಆಶೀರ್ವಾದ, ಅವಿಧೇಯರಿಗೆ ಶಾಪ ಎಂದು ಧರ್ಮೋಪದೇಶಕಾಂಡದ 28ನೆಯ ಅಧ್ಯಾಯ ಉದ್ದಕ್ಕೂ ಹೇಳುತ್ತದೆ. ಜ್ಞಾನೋಕ್ತಿಗಳಲ್ಲೂ ಅದೇ ಧಾಟಿಯ ಮಾತು ಬೇಕಾದಷ್ಟಿವೆ. ಅವು ಒಂದು ಜನಾಂಗಕ್ಕೆ ಕೊಟ್ಟ ಎಚ್ಚರಿಕೆ, ಬದುಕಿನ ಸಾಮಾನ್ಯ ಅನುಭವದ ಗಾದೆಗಳು. ಒಬ್ಬೊಬ್ಬ ರೋಗಿಯ ಮೇಲೂ ಇಟ್ಟು ಅಳೆಯುವ ಅಳತೆಕೋಲಲ್ಲ. ಅದೇ ಬೈಬಲಿನ ಪ್ರಸಂಗಿ ಎಂಬ ಗ್ರಂಥದ ಕರ್ತೃ, ನೀತಿವಂತ ತನ್ನ ನೀತಿಯಲ್ಲೇ ನಾಶವಾಗುವುದನ್ನೂ ದುಷ್ಟ ತನ್ನ ದುಷ್ಟತನದಲ್ಲೇ ಬಹುಕಾಲ ಬಾಳುವುದನ್ನೂ ಕಂಡಿದ್ದೇನೆ ಎನ್ನುತ್ತಾನೆ (7:15). ತಂದೆಗಳು ಹುಳಿದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತವು ಎಂಬ ಗಾದೆಯನ್ನು ಇನ್ನು ಯಾರೂ ಆಡಕೂಡದು ಎಂದು ಪ್ರವಾದಿ ಯೆಹೆಜ್ಕೇಲ ಸಾರುತ್ತಾನೆ (18:2–3). ಕುಡುಕ ತಂದೆಯ ಮಕ್ಕಳು ಉಪವಾಸ ಬೀಳುತ್ತಾರೆ, ಹೌದು. ಪರಿಣಾಮ ಮುಂದಿನ ತಲೆಮಾರಿಗೆ ಹರಿಯುತ್ತದೆ. ಅಪರಾಧ ಹರಿಯುವುದಿಲ್ಲ.

ಸಿಲೊವಾಮಿನಲ್ಲಿ ಎರಡು ಸಲ

ಯೇಸುವಿನ ಮುಂದೆ ಈ ಪ್ರಶ್ನೆ ನೇರವಾಗಿ ಬಂದ ಎರಡು ಸಂದರ್ಭಗಳಿವೆ. ಎರಡರಲ್ಲೂ ಜೆರುಸಲೇಮಿನ ಸಿಲೊವಾಮ್ ಎಂಬ ಜಾಗದ ಹೆಸರು ಬರುವುದು ಕಾಕತಾಳೀಯವಿರಬಹುದು, ನೆನಪಿಟ್ಟುಕೊಳ್ಳಲು ಅನುಕೂಲ.

ಮೊದಲನೆಯದು ಲೂಕ 13:1–5. ಬಲಿ ಅರ್ಪಿಸುತ್ತಿದ್ದ ಗಲಿಲಾಯದವರನ್ನು ರೋಮನ್ ಅಧಿಪತಿ ಪಿಲಾತ ಕೊಲ್ಲಿಸಿದ ಸುದ್ದಿಯನ್ನು ಕೆಲವರು ತರುತ್ತಾರೆ. ಅದು ಮನುಷ್ಯ ಮಾಡಿದ ಕೇಡು. ಯೇಸು ಅದರ ಪಕ್ಕದಲ್ಲಿ ತಾನಾಗಿಯೇ ಇನ್ನೊಂದನ್ನು ತಂದಿಡುತ್ತಾನೆ: ಸಿಲೊವಾಮಿನಲ್ಲಿ ಬುರುಜು ಬಿದ್ದು ಸತ್ತ 18 ಮಂದಿ. ಅದು ಅವಘಡ. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ನೆನಸುತ್ತೀರೋ ಎಂದು ಕೇಳಿ, ‘ಇಲ್ಲ’ ಎಂದು ತಾನೇ ಉತ್ತರಿಸುತ್ತಾನೆ, ಎರಡೂ ಸಲ. ಹಾಗಾದರೆ ಕಾರಣವೇನು? ಹೇಳುವುದಿಲ್ಲ. ‘ನೀವೂ ಮಾನಸಾಂತರಪಡದಿದ್ದರೆ’ ಎಂದು ಮಾತನ್ನು ಕೇಳಿದವರ ಕಡೆಗೇ ತಿರುಗಿಸುತ್ತಾನೆ. ಸತ್ತವರ ಪಾಪದ ವಿಚಾರಣೆಗೆ ಬಂದವರು ತಮ್ಮ ಪಾಪದ ವಿಚಾರಣೆ ಕೇಳಿಕೊಂಡು ಹೋದರು.

ಎರಡನೆಯದು ಯೋಹಾನ 9. ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳುತ್ತಾರೆ: ಗುರುವೇ, ಯಾರು ಪಾಪಮಾಡಿದರು, ಇವನೋ ಇವನ ತಂದೆತಾಯಿಗಳೋ? ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಎಂದು ಯೇಸುವಿನ ಉತ್ತರ. (ಹಿಂದಿನ ಜನ್ಮದ ಕರ್ಮ ಎಂಬ ವಿವರಣೆಗೆ ಕ್ರೈಸ್ತ ಬೋಧನೆಯಲ್ಲಿ ಜಾಗವಿಲ್ಲ, ಸಾಯುವುದು ಒಂದೇ ಸಾರಿ ಎನ್ನುತ್ತದೆ ಇಬ್ರಿಯರಿಗೆ 9:27.)

ಮುಂದಿನ ವಾಕ್ಯದಲ್ಲಿ ಒಂದು ತೊಡಕಿದೆ. ‘ದೇವರ ಕ್ರಿಯೆಗಳು ಇವನಲ್ಲಿ ತೋರಿಬರುವುದಕ್ಕಾಗಿ’ ಎಂದು ಅದು ಮುಂದುವರಿಯುತ್ತದೆ. ಅಂದರೆ ಒಂದು ದಿನ ಪವಾಡ ತೋರಿಸಲೆಂದು ದೇವರು ಒಬ್ಬ ಮನುಷ್ಯನನ್ನು ಅಷ್ಟು ವರ್ಷ ಕುರುಡಾಗಿಟ್ಟನೇ? ಗ್ರೀಕಿನ ‘ಹಿನಾ’ ಎಂಬ ಪದ ಉದ್ದೇಶವನ್ನೂ ಹೇಳಬಹುದು, ಪರಿಣಾಮವನ್ನೂ ಹೇಳಬಹುದು. ಅದೂ ಅಲ್ಲದೆ ಹಳೆಯ ಹಸ್ತಪ್ರತಿಗಳಲ್ಲಿ ಇಂದಿನಂತೆ ಪೂರ್ಣವಿರಾಮ, ಅಲ್ಪವಿರಾಮ ಹಾಕುತ್ತಿರಲಿಲ್ಲ; ವಾಕ್ಯ ಎಲ್ಲಿ ನಿಲ್ಲುತ್ತದೆ ಎಂಬುದು ಓದುವವರ ತೀರ್ಮಾನ. ಹಾಗಾಗಿ ಕೆಲವು ವಿದ್ವಾಂಸರು ಹೀಗೆ ಓದುತ್ತಾರೆ: ‘ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ. ದೇವರ ಕ್ರಿಯೆಗಳು ಇವನಲ್ಲಿ ತೋರಿಬರುವಂತೆ ನಾವು ಹಗಲಿರುವಾಗಲೇ ಕೆಲಸ ಮಾಡಬೇಕು.’ ಎಲ್ಲರೂ ಇದನ್ನು ಒಪ್ಪುವುದಿಲ್ಲ. ಆದರೆ ಮುಂದೆ ಯೇಸು ಮಾಡುವುದು ಇದಕ್ಕೆ ಹೊಂದುತ್ತದೆ. ವಿವರಣೆ ಅಲ್ಲಿಗೇ ಬಿಟ್ಟು ನೆಲಕ್ಕೆ ಉಗುಳಿ, ಕೆಸರು ಕಲಸಿ, ಅವನ ಕಣ್ಣಿಗೆ ಹಚ್ಚಿ, ಸಿಲೊವಾಮಿನ ಕೊಳಕ್ಕೆ ಹೋಗಿ ತೊಳೆದುಕೋ ಎನ್ನುತ್ತಾನೆ. ಶಿಷ್ಯರಿಗೆ ಅವನು ಒಂದು ಪ್ರಶ್ನೆಯಾಗಿದ್ದ. ಯೇಸುವಿಗೆ ಅವನೊಂದು ಕೆಲಸ.

ಇದಕ್ಕೆ ಅಡ್ಡಬರುವಂತೆ ಕಾಣುವ ವಚನವೂ ಇದೆ, ಅದನ್ನು ಬಿಟ್ಟು ಬರೆಯುವುದು ಮೋಸ. 38 ವರ್ಷ ಹಾಸಿಗೆ ಹಿಡಿದಿದ್ದವನನ್ನು ಗುಣಪಡಿಸಿದ ಮೇಲೆ, ಇನ್ನು ಪಾಪಮಾಡಬೇಡ, ಇದಕ್ಕಿಂತ ಕೆಟ್ಟದ್ದು ಬಂದೀತು ಎಂದು ಯೇಸು ಹೇಳುತ್ತಾನೆ (ಯೋಹಾನ 5:14). ಪಾಪದಿಂದ ನೋವು ಬರುವುದೇ ಇಲ್ಲ ಎಂದು ಬೈಬಲ್ ಎಲ್ಲೂ ಹೇಳಿಲ್ಲ. ಮಳೆ ಬಂದರೆ ನೆಲ ಒದ್ದೆಯಾಗುತ್ತದೆ. ನೆಲ ಒದ್ದೆಯಾಗಿರುವುದನ್ನು ಕಂಡು ಮಳೆ ಬಂದಿದೆ ಎನ್ನುವಂತಿಲ್ಲ. ಯಾರೋ ನೀರು ಚೆಲ್ಲಿರಬಹುದು. ಪಾಪದಿಂದ ನೋವಿನ ಕಡೆಗೆ ದಾರಿಯಿದೆ, ನೋವು ಕಂಡು ಪಾಪದ ಕಡೆಗೆ ಹಿಂದಕ್ಕೆ ನಡೆಯುವ ದಾರಿ ನೋಡುವವರಿಗೆ ಮುಚ್ಚಿದೆ. ಯೋಬನ ಗೆಳೆಯರು ಮುಗ್ಗರಿಸಿದ್ದು ಅಲ್ಲಿಯೇ.

ತರ್ಕದ ಉತ್ತರಗಳು ಎಲ್ಲಿಯವರೆಗೆ

ಅಕ್ಕನ ಪ್ರಶ್ನೆಗೆ ಬರೋಣ. ದೇವರು ಒಳ್ಳೆಯವನು, ಸರ್ವಶಕ್ತ, ಆದರೂ ಕೇಡಿದೆ: ಮೂರೂ ಒಟ್ಟಿಗೆ ಹೇಗೆ ನಿಜ?

ಅಗಸ್ಟೀನ್ ಕೊಟ್ಟ ಉತ್ತರದಲ್ಲಿ ಎರಡು ಭಾಗ. ಕೇಡು ಒಂದು ವಸ್ತುವಲ್ಲ, ಇರಬೇಕಾದ ಒಳಿತಿನ ಕೊರತೆ. ಬಟ್ಟೆ ಹರಿದಲ್ಲಿ ತೂತು ಕಾಣುತ್ತದೆ, ಆದರೆ ತೂತನ್ನು ಯಾವ ನೇಕಾರನೂ ನೇಯ್ದಿಲ್ಲ. ಆ ಬಟ್ಟೆ ಹರಿದದ್ದು ಸೃಷ್ಟಿಯಾದವರು ತಮ್ಮ ಇಚ್ಛೆಯನ್ನು ತಪ್ಪು ಕಡೆಗೆ ತಿರುಗಿಸಿದ್ದರಿಂದ. ಪ್ರೀತಿಸುವ ಸ್ವಾತಂತ್ರ್ಯ ಕೊಟ್ಟಮೇಲೆ ದ್ವೇಷಿಸುವ ಬಾಗಿಲೂ ತೆರೆದೇ ಇರುತ್ತದೆ. ಕೊಲೆ, ಯುದ್ಧ, ದಬ್ಬಾಳಿಕೆಗಳಿಗೆ ಈ ಉತ್ತರ ಸಾಕಷ್ಟು ದೂರ ಬರುತ್ತದೆ. ಭೂಕಂಪಕ್ಕೆ? 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಗ್ಗೆ, ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಜನ ಚರ್ಚುಗಳಲ್ಲಿ ಸೇರಿದ್ದಾಗ ನೆಲ ನಡುಗಿತು, ಆಮೇಲೆ ಸಮುದ್ರ ಉಕ್ಕಿ ಬಂತು, ಆಮೇಲೆ ಬೆಂಕಿ. ಪೂಜೆಗೆ ಹೋದವರ ಮೇಲೆ ಚಾವಣಿ ಕುಸಿದದ್ದಕ್ಕೆ ಯಾರ ಸ್ವತಂತ್ರ ಇಚ್ಛೆ ಕಾರಣ? ದೇವರ ನ್ಯಾಯವನ್ನು ಎತ್ತಿಹಿಡಿಯುವ ವಾದಕ್ಕೆ ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್ ‘ಥಿಯೊಡಿಸಿ’ ಎಂಬ ಪದ ಕಟ್ಟಿ 1710ರಲ್ಲಿ ಪುಸ್ತಕ ತಂದಿದ್ದರು. ಆ ಬಗೆಯ ಆಶಾವಾದಕ್ಕೆ ಲಿಸ್ಬನ್ ದೊಡ್ಡ ಪೆಟ್ಟು ಕೊಟ್ಟಿತು.

ಎರಡನೆಯ ಶತಮಾನದ ಬಿಷಪ್ ಐರೇನಿಯಸರಿಂದ ಬಂದ ದಾರಿ ಬೇರೆ: ಮನುಷ್ಯ ಪೂರ್ಣನಾಗಿ ಸೃಷ್ಟಿಯಾಗಲಿಲ್ಲ, ಮಗುವಿನಂತೆ ಸೃಷ್ಟಿಯಾದ, ಬೆಳೆಯಬೇಕಾದವನು. ಇದರ ಮೇಲೆ ಕಟ್ಟಿದ ನಂತರದ ವಾದ, ಕಷ್ಟವಿಲ್ಲದ ಜಗತ್ತಿನಲ್ಲಿ ಧೈರ್ಯ, ಕರುಣೆ, ತಾಳ್ಮೆ ಹುಟ್ಟುವುದಿಲ್ಲ ಎನ್ನುತ್ತದೆ. ದೊಡ್ಡವರ ಕೆಲವು ಕಷ್ಟಗಳಿಗೆ ನಿಜ. ಹುಟ್ಟಿ ಮೂರು ದಿನಕ್ಕೆ ಸತ್ತ ಕೂಸು ಯಾವ ಗುಣ ಬೆಳೆಸಿಕೊಂಡಿತು? ತಂದೆತಾಯಿಗೆ ಪಾಠ ಕಲಿಸಲು ಮಗುವನ್ನು ಬಳಸಿಕೊಂಡನೆಂದರೆ ದೇವರ ಬಗ್ಗೆ ಹೇಳಬಾರದ್ದನ್ನು ಹೇಳಿದಂತಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಚರ್ಚೆ ಬಿಗಿಯಾಯಿತು. ಒಳ್ಳೆಯ ಸರ್ವಶಕ್ತ ದೇವರು ಮತ್ತು ಕೇಡು ಎರಡನ್ನೂ ಒಪ್ಪುವುದು ಸ್ವವಿರೋಧ ಎಂದು ತತ್ವಜ್ಞಾನಿ ಜೆ. ಎಲ್. ಮ್ಯಾಕಿ 1955ರಲ್ಲಿ ವಾದಿಸಿದರು. 1974ರಲ್ಲಿ ಕ್ರೈಸ್ತ ತತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗಾ ಕೊಟ್ಟ ಉತ್ತರ ವಿನಯದ್ದು: ದೇವರ ಕಾರಣ ಇದೇ ಎಂದು ಹೇಳುವ ಗೋಜಿಗೆ ನಾನು ಹೋಗುವುದಿಲ್ಲ, ಸ್ವಾತಂತ್ರ್ಯದಂಥ ಒಂದು ಕಾರಣ ಸಾಧ್ಯ ಎಂದು ತೋರಿಸಿದರೆ ಸ್ವವಿರೋಧದ ಆರೋಪ ಬಿದ್ದುಹೋಗುತ್ತದೆ. ತನ್ನ ಕಕ್ಷಿದಾರ ಆ ರಾತ್ರಿ ಬೇರೆ ಕಡೆ ಇದ್ದಿರಬಹುದು ಎಂದು ತೋರಿಸುವ ವಕೀಲನ ಕೆಲಸ ಅದು. ಕಳ್ಳ ಯಾರೆಂದು ಹುಡುಕುವುದು ಅವನ ಪಾಲಿನದಲ್ಲ. ದೇವರನ್ನು ನಂಬುವುದು ಬುದ್ಧಿಗೇಡಿತನವಲ್ಲ ಎಂದು ತೋರಿಸುವಷ್ಟಕ್ಕೆ ಈ ವಾದಗಳು ಉಪಯೋಗಕ್ಕೆ ಬರುತ್ತವೆ. ಇಂಥ ಮಗುವಿಗೆ ಇಂಥ ದಿನ ಇದೇ ಕಾರಣಕ್ಕೆ ಹೀಗಾಯಿತು ಎಂದು ಹೇಳಹೊರಟ ಕೂಡಲೇ ಎಲೀಫಜನ ದನಿ ಬಂದುಬಿಡುತ್ತದೆ.

ಶಿಲುಬೆ

ಧರ್ಮೋಪದೇಶಕಾಂಡದ 21:23ರ ಪ್ರಕಾರ ಮರಕ್ಕೆ ತೂಗಹಾಕಲ್ಪಟ್ಟವನು ಶಾಪಗ್ರಸ್ತ. ಗೆಳೆಯರ ಸೂತ್ರ ಹಿಡಿದು ನೋಡಿದರೆ ಶಿಲುಬೆಗೇರಿದ ಯೇಸು ಮಹಾಪಾಪಿ ಎಂದೇ ತೀರ್ಮಾನಿಸಬೇಕು. ಲೂಕನ ಸುವಾರ್ತೆ ಅದಕ್ಕೆ ಎದುರಾಗಿ ಸಾಕ್ಷಿಗಳನ್ನು ನಿಲ್ಲಿಸುತ್ತಾ ಹೋಗುತ್ತದೆ: ಇವನಲ್ಲಿ ಅಪರಾಧ ಕಾಣಲಿಲ್ಲ ಎಂದು ಪಿಲಾತ ಮೂರು ಸಲ (23:4, 14, 22), ಪಕ್ಕದ ಶಿಲುಬೆಯ ಮೇಲಿನ ಕಳ್ಳ ಒಂದು ಸಲ (23:41), ಕಾವಲಿದ್ದ ಶತಾಧಿಪತಿ ಒಂದು ಸಲ (23:47). ಕ್ರೈಸ್ತ ನಂಬಿಕೆಯ ನಟ್ಟನಡುವೆ ಇರುವುದು ನಿರಪರಾಧಿಯೊಬ್ಬನ ನರಳಾಟ. ಅದನ್ನು ಪೂಜಿಸುವವರು ‘ನರಳುತ್ತಿದ್ದಾನೆ, ಅಂದರೆ ತಪ್ಪು ಮಾಡಿದ್ದಾನೆ’ ಎಂದು ಇನ್ನೊಬ್ಬರನ್ನು ತೋರಿಸಿ ಹೇಳಲು ಬಾಯಿ ಹೇಗೆ ಬರುತ್ತದೆ?

ಹಾಗಾದರೆ ದೇವರಿಗೂ ನೋವಾಯಿತೇ? ದೈವಸ್ವಭಾವಕ್ಕೆ ನೋವು ತಟ್ಟದು ಎಂಬುದು ಹಳೆಯ ಬೋಧನೆ. 451ರಲ್ಲಿ ಖಾಲ್ಸೆದೋನಿನಲ್ಲಿ ನಡೆದ ಬಿಷಪರ ಮಹಾಸಭೆ ಕ್ರಿಸ್ತ ಒಬ್ಬನೇ ವ್ಯಕ್ತಿ, ಎರಡು ಸ್ವಭಾವ ಎಂದು ಗೆರೆ ಎಳೆದಮೇಲೆ, ನೋವುಂಡವನು ದೇವಪುತ್ರನೇ, ಆದರೆ ತನ್ನ ಮನುಷ್ಯಸ್ವಭಾವದಲ್ಲಿ ಎಂದು ಹೇಳುವುದು ರೂಢಿಯಾಯಿತು. ನರಳುವ ದೇವರು ಮಾತ್ರ ಸಹಾಯಮಾಡಬಲ್ಲ ಎಂದು ಜರ್ಮನ್ ಪಾದ್ರಿ ಡೀಟ್ರಿಚ್ ಬಾನ್‌ಹೋಫರ್ ನಾಜಿ ಸೆರೆಮನೆಯಿಂದ 1944ರ ಜುಲೈ 16ರಂದು ಬರೆದರು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು. ಈ ಮಾತಿಗೂ ಆಕ್ಷೇಪವುಂಟು: ನನ್ನ ಜೊತೆ ತಾನೂ ಮುಳುಗುವವನು ನನ್ನನ್ನು ಎತ್ತುವುದು ಹೇಗೆ? ಅದಕ್ಕೇ ಸಭೆ ಶಿಲುಬೆಯನ್ನು ಪುನರುತ್ಥಾನದಿಂದ ಬಿಡಿಸಿ ಹೇಳುವುದಿಲ್ಲ. ಎದ್ದುಬಂದ ದೇಹದಲ್ಲೂ ಮೊಳೆಯ ಗುರುತುಗಳು ಇದ್ದವು, ಶಿಷ್ಯ ತೋಮ ಬೆರಳಿಟ್ಟು ನೋಡಲೆಂದು ಕೈ ಮುಂದೆ ಚಾಚಲಾಯಿತು (ಯೋಹಾನ 20:27). ಆದದ್ದು ಆಗಲೇ ಇಲ್ಲ ಎಂದು ಅಳಿಸಿಹಾಕುವ ಜಯ ಅದಲ್ಲ.

ಅರ್ಧಕ್ಕೆ ಕತ್ತರಿಸಿದ ವಚನಗಳು

‘ತಡೆದುಕೊಳ್ಳಲಾಗದಷ್ಟು ಕಷ್ಟವನ್ನು ದೇವರು ಕೊಡುವುದಿಲ್ಲ.’ ಇದಕ್ಕೆ ತೋರಿಸುವ ಆಧಾರ 1 ಕೊರಿಂಥ 10:13. ಅಲ್ಲಿ ಪೌಲ ಬರೆಯುತ್ತಿರುವುದು ವಿಗ್ರಹಾರಾಧನೆ, ವ್ಯಭಿಚಾರಗಳ ಶೋಧನೆಯ (ಪಾಪದ ಕಡೆಗೆ ಎಳೆಯುವ ಸೆಳೆತದ) ಬಗ್ಗೆ, ತಪ್ಪಿಸಿಕೊಳ್ಳುವ ದಾರಿಯ ಬಗ್ಗೆ. ಕಷ್ಟದ ಭಾರದ ಬಗ್ಗೆ ಅವನು ಬರೆದದ್ದು ಅದೇ ಕೊರಿಂಥದವರಿಗೆ ಬರೆದ ಇನ್ನೊಂದು ಪತ್ರದಲ್ಲಿದೆ: ನಮ್ಮ ಶಕ್ತಿಗೆ ಮೀರಿದ ಭಾರ ಬಿತ್ತು, ಬದುಕುವ ಆಸೆಯನ್ನೇ ಬಿಟ್ಟಿದ್ದೆವು (2 ಕೊರಿಂಥ 1:8). ಶಕ್ತಿಗೆ ಮೀರಿ ಬರುತ್ತದೆ ಎಂದು ಅಪೊಸ್ತಲನೇ ಬರೆದಿರುವಾಗ, ಕುಸಿದವರಿಗೆ ‘ನಿನ್ನ ನಂಬಿಕೆ ಸಾಲದು’ ಎನ್ನುವುದಕ್ಕೆ ಆಧಾರವಿಲ್ಲ.

‘ಎಲ್ಲಾ ಒಳ್ಳೇದಕ್ಕೇ’ ಎಂಬುದು ರೋಮಾಪುರದವರಿಗೆ 8:28ರ ತುಂಡು. ಅಲ್ಲಿರುವುದು ದೇವರನ್ನು ಪ್ರೀತಿಸುವವರ ಒಳಿತಿಗಾಗಿ ಎಲ್ಲವೂ ಕೂಡಿಬರುತ್ತದೆ ಎಂಬ ಮಾತು, ಪ್ರತಿಯೊಂದೂ ಒಳ್ಳೆಯದು ಎಂಬ ಮಾತಲ್ಲ. ಅದಕ್ಕೆ ಆರು ವಚನ ಹಿಂದೆಯೇ ಇಡೀ ಸೃಷ್ಟಿ ಪ್ರಸವವೇದನೆಯಲ್ಲಿ ನರಳುತ್ತಿದೆ ಎಂದು ಪೌಲ ಬರೆದಿದ್ದಾನೆ. ಎಲ್ಲವೂ ಒಳ್ಳೆಯದೇ ಆಗಿದ್ದರೆ ಸತ್ತ ಗೆಳೆಯ ಲಾಜರನ ಸಮಾಧಿಯ ಬಳಿ ಯೇಸು ಅಳಬೇಕಿರಲಿಲ್ಲ. ಇನ್ನೇನು ಎಬ್ಬಿಸಲಿರುವವನು ಯಾಕೆ ಅತ್ತ? ಯೋಹಾನ 11:33ರಲ್ಲಿ ಬಳಸಿದ ಗ್ರೀಕ್ ಕ್ರಿಯಾಪದಕ್ಕೆ ಸಿಟ್ಟಿನಿಂದ ಬುಸುಗುಟ್ಟುವ ಛಾಯೆಯಿದೆ.

ಎಲ್ಲಕ್ಕಿಂತ ಅಪಾಯದ್ದು ‘ನಿನ್ನ ಶಿಲುಬೆ ಹೊತ್ತುಕೋ’. ಮಾರ್ಕ 8:34ರಲ್ಲಿ ಅದು ಯೇಸುವನ್ನು ಹಿಂಬಾಲಿಸುವುದರಿಂದ ಬರುವ ವಿರೋಧದ ಮಾತು. ಗಂಡನ ಹೊಡೆತ ತಿನ್ನುವವಳಿಗೆ ಅದನ್ನು ಹೇಳಿ ಮನೆಗೆ ವಾಪಸು ಕಳಿಸುವುದು ವಚನದ ದುರ್ಬಳಕೆ. ನಿಲ್ಲಿಸಬಹುದಾದ ನೋವನ್ನು ನಿಲ್ಲಿಸಬೇಕು. ತನ್ನ ಬಳಿ ಬಂದ ರೋಗಿಯೊಬ್ಬನಿಗೂ ‘ಇದನ್ನು ಸಹಿಸಿಕೋ’ ಎಂದು ಯೇಸು ಹೇಳಿದ್ದು ಸುವಾರ್ತೆಗಳಲ್ಲಿ ಇಲ್ಲ.

ಗೋಳಿಗೆ ಕೊಟ್ಟ ಜಾಗ

ನೋಡಲು ಹೋಗುವವರು ಮಾಡಬೇಕಾದ್ದು ಹೆಚ್ಚೇನಿಲ್ಲ. ಹೋಗಬೇಕು. ಕೂರಬೇಕು. ಅವರು ಮಾತಾಡುವವರೆಗೆ ಕಾಯಬೇಕು. ದೇವರನ್ನು ಬೈದರೆ ತಿದ್ದಬಾರದು, ದೇವರಿಗೆ ನಮ್ಮ ವಕಾಲತ್ತು ಬೇಡ ಎಂದು 42:7ರಲ್ಲಿ ಆತನೇ ಹೇಳಿಯಾಗಿದೆ. ಔಷಧ ತರುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ಬಿಲ್ಲು ಕಟ್ಟುವ ಸಾಲಿನಲ್ಲಿ ನಿಲ್ಲುವುದು, ಇವು ಇವತ್ತಿನ ಕೆಸರು ಕಲಸುವ ಕೆಲಸ. ತಿಂಗಳು ಕಳೆದ ಮೇಲೆ ಮತ್ತೊಮ್ಮೆ ಹೋಗುವುದನ್ನು ಎಲ್ಲರೂ ಮರೆಯುತ್ತಾರೆ.

ನರಳುವವರ ಕೈಗೆ ಬೈಬಲ್ ಕೊಡುವ ಸಲಕರಣೆ ಪ್ರಲಾಪ ಕೀರ್ತನೆ, ಅಂದರೆ ದೇವರ ಮುಂದೆ ಗೋಳು ತೋಡಿಕೊಳ್ಳುವ ಹಾಡು. 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಈ ಜಾತಿಯವು. ಚಿಕ್ಕದಾದ 13ನೆಯದನ್ನು ತೆಗೆದುಕೊಂಡರೆ ಅದರ ಕಟ್ಟಡ ಕಾಣುತ್ತದೆ. ಮೊದಲ ಎರಡು ವಚನ ದೂರು: ‘ಎಷ್ಟರವರೆಗೆ’ ಎಂದು ನಾಲ್ಕು ಸಲ. ಮುಂದಿನ ಎರಡು ಬೇಡಿಕೆ: ನನ್ನನ್ನು ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು. ಕೊನೆಯ ಎರಡು ಭರವಸೆ. ದೂರು ಮೊದಲು, ಭರವಸೆ ಆಮೇಲೆ. ಹಾಡುಗಳಲ್ಲೂ ಪ್ರಾರ್ಥನೆಗಳಲ್ಲೂ ನಾವು ಮೊದಲೆರಡು ಭಾಗ ಬಿಟ್ಟು ಕೊನೆಯದರಿಂದಲೇ ಶುರುಮಾಡುತ್ತೇವೆ, ಆಮೇಲೆ ನೊಂದವರು ಯಾಕೆ ಆರಾಧನೆಗೆ ಬರುತ್ತಿಲ್ಲ ಎಂದು ಆಶ್ಚರ್ಯಪಡುತ್ತೇವೆ. ಸ್ವಂತ ಮಾತಿನಲ್ಲಿ ಪ್ರಾರ್ಥಿಸುವವರು ಇದೇ ಕ್ರಮ ಹಿಡಿಯಬಹುದು: ಯಾರಿಗೆ ಹೇಳುತ್ತಿದ್ದೇನೆ, ಏನಾಗಿದೆ, ಏನು ಬೇಕು. ನಾಲ್ಕನೆಯದು, ಭರವಸೆ, ಬಂದರೆ ಬರಲಿ. ಬಲವಂತ ಬೇಡ.

ಬರದೇ ಇದ್ದರೆ? ಅದಕ್ಕೂ ಒಂದು ಕೀರ್ತನೆ ಇದೆ, 88ನೆಯದು. ‘ನನ್ನ ರಕ್ಷಣೆಯ ದೇವರೇ’ ಎಂದು ಕರೆಯುವ ಮೊದಲ ಸಾಲು ಬಿಟ್ಟರೆ ಉಳಿದದ್ದು ದೂರೇ: ಹಗಲು ಕೂಗಿದೆ, ರಾತ್ರಿ ಕೂಗಿದೆ, ಯಾಕೆ ಮುಖ ಮರೆಮಾಡಿಕೊಂಡಿದ್ದೀ, ಗೆಳೆಯರನ್ನೂ ದೂರಮಾಡಿದೆ. ತಿರುವಿಲ್ಲ, ಸಮಾಧಾನವಿಲ್ಲ, ಹೀಬ್ರೂವಿನಲ್ಲಿ ಅದರ ಕಟ್ಟಕಡೆಯ ಪದ ‘ಕತ್ತಲೆ’. ಯಾರೂ ಅದಕ್ಕೆ ಇನ್ನೊಂದು ಸಾಲು ಸೇರಿಸಿ ನೇರ್ಪುಮಾಡಲು ಹೋಗಲಿಲ್ಲ. ರೋಮನ್ ಕಥೋಲಿಕ ಸಭೆಯ ನಿತ್ಯಪ್ರಾರ್ಥನೆಯ ಪುಸ್ತಕದಲ್ಲಿ ಅದು ಶುಕ್ರವಾರ ರಾತ್ರಿ ಮಲಗುವ ಮುಂಚಿನ ಪ್ರಾರ್ಥನೆಗೆ ಗೊತ್ತುಮಾಡಿದ ಕೀರ್ತನೆ. ಆ ವಾರ ಚೆನ್ನಾಗಿ ಕಳೆದವರೂ ಅದನ್ನು ಹೇಳಿಯೇ ದೀಪ ಆರಿಸುತ್ತಾರೆ.